ನಮ್ಮ ಹಳೆಮನೆಯಲ್ಲಿ ಕೊಲೆ ಮಾಡಲಿರುವ ಹುಡುಗರಿಗೆ

ಬೊಬ್ರುವಾಡದ ಕಿರುಚಿತ್ರದ ಹುಡುಗರೇ, ನಿಮ್ಮ ಗುಂಪಿನ ಇಬ್ಬರು ಹುಡುಗಿಯರೇ,

ಹೋದ ಭಾನುವಾರ ಮೂರು ಬೈಕಿನಲ್ಲಿ ಆರು ಜನ ಬಂದು ನಮ್ಮ ಹಳೆಮನೆ ಕೇಳಿದಿರಿ. "ಮಾಮಾ, ಎರಡು ರಾತ್ರಿ ಸಾಕು, ಒಂದೈದು ಕೊಲೆ ಮಾಡೂದದೆ" ಅಂದ ನಿಮ್ಮಲ್ಲೊಬ್ಬ. ಒಳಗೆ ಚಾ ಸೋಸುತ್ತಿದ್ದ ನನ್ನ ಹೆಂಡತಿ ಇಣುಕಿ ನೋಡಿದ್ದನ್ನು ನೀವು ಗಮನಿಸಲಿಲ್ಲ. ಕಥೆಯ ಪ್ರತಿ ಬಿಟ್ಟು ಹೋದಿರಿ. ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹೋದ ವರ್ಷ ಕಾರವಾರದ ಕಡೆಯ ಒಂದು ಗುಂಪು, ಅದರ ಹಿಂದಿನ ವರ್ಷ ಅವರ್ಸಾದ ಕಡೆಯ ಒಂದು ಗುಂಪು ಇದೇ ಮನೆ ಕೇಳಿಕೊಂಡು ಬಂದಿದ್ದವು. ಅವರ ಕಥೆಯಲ್ಲೂ ಟೊಪ್ಪಿಗೆಯ ಅಂಗಿ ಹಾಕಿಕೊಂಡು ಮುಖ ಮುಚ್ಚಿದ ಒಬ್ಬ ಮಚ್ಚು ಹಿಡಿದು ತಿರುಗುತ್ತಿದ್ದ. ಇಷ್ಟು ಸಣ್ಣ ಕರಾವಳಿಯಲ್ಲಿ ಇಷ್ಟೊಂದು ಜನ ಒಬ್ಬನೇ ಕೊಲೆಗಾರನ ಹಿಂದೆ ಬಿದ್ದಿರುವಾಗ ಎಲ್ಲರಿಗೂ ಸೇರಿಸಿ ಬರೆಯುವುದೇ ಸುಲಭ ಅನ್ನಿಸಿತು.

ನನಗೆ ಈ ವಿಷಯದಲ್ಲಿ ಮಾತಾಡುವ ಹಕ್ಕೇನು ಅಂತ ಕೇಳಬಹುದು. ನಾನು ಸಿನಿಮಾದವನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಾತ್ರೆ, ಬಂಡಿಹಬ್ಬದ ಹೊತ್ತಿಗೆ ಅಂಕೋಲೆ ಸುತ್ತಿನ ಊರುಗಳ ನಾಟಕಕ್ಕೆ ಲೈಟು ಹಾಕಿದವ. ಹೆದರಿಸುವುದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಾಗಿದ್ದು ಅಲ್ಲಿ. ಒಂದು ಸಲ ಕೊಲೆಯ ದೃಶ್ಯ. ಕೊಲೆಗಾರ ಬಾಗಿಲಿಂದ ಒಳಗೆ ಬರಬೇಕು, ನಾನು ಕೆಂಪು ಲೈಟು ಬಿಡಬೇಕು. ಅಂವ ಕಾಲಿಡುವ ಹೊತ್ತಿಗೆ ಸರಿಯಾಗಿ ಊರಿಗೂರೇ ಕರೆಂಟು ಹೋಯಿತು. ನಟ ನಿಲ್ಲಿಸಲಿಲ್ಲ. ಹಲಗೆಯ ರಂಗದ ಮೇಲೆ ಅವನ ಹೆಜ್ಜೆ ಒಂದೊಂದೇ ಕೇಳುತ್ತಿತ್ತು. ಹೆಜ್ಜೆ ನಿಂತಿತು. ಮುಂದಿನ ಸಾಲಿನಲ್ಲಿ ಒಂದು ಮಗು ಅತ್ತಿತು, ಅದರ ತಾಯಿ ಬಾಯಿ ಮುಚ್ಚಿಸಿದ್ದೂ ಕೇಳಿತು. ಐನೂರು ಜನ ಉಸಿರು ಹಿಡಿದು ಕೂತಿದ್ದರು. ಆಹಾ, ಇದೇ ದಾರಿ ಅಂದುಕೊಂಡು ಮುಂದಿನ ಊರಿನಲ್ಲಿ ಬೇಕೆಂದೇ ಸ್ವಿಚ್ ಆರಿಸಿದೆ. ಹಿಂದಿನಿಂದ ಒಬ್ಬ "ಬಿಲ್ ಕಟ್ರೋ" ಅಂತ ಕೂಗಿದ. ನಾಟಕ ಅಲ್ಲಿಗೆ ಹೋಯಿತು. ಮೊದಲ ಊರಿನವರಿಗೆ ಮುಂದೇನಾಗುತ್ತದೆ ಅಂತ ನಮಗೂ ಗೊತ್ತಿಲ್ಲ ಅನ್ನುವುದು ಗೊತ್ತಾಗಿತ್ತು. ಎರಡನೇ ಊರಿನವರಿಗೆ ನಾವು ಹೆದರಿಸಲು ಹೊರಟಿದ್ದೇವೆ ಅಂತ ಗೊತ್ತಾಯಿತು.

ನಿಮ್ಮ ಕಥೆಗೆ ಬರುತ್ತೇನೆ. ಹನ್ನೆರಡು ನಿಮಿಷ, ಐದು ಹೆಣ. ಹೆಚ್ಚುಕಡಿಮೆ ಎರಡೂವರೆ ನಿಮಿಷಕ್ಕೆ ಒಬ್ಬನಂತೆ ಸಾಯುತ್ತಾರೆ. ಯಾರ ಹೆಸರೂ ನನಗೆ ನೆನಪಿಲ್ಲ, ನೀವೇ ಬರೆದಿಲ್ಲ. "ಹುಡುಗಿ 1, ಹುಡುಗಿ 2" ಅಂತ ಇದೆ. ಕೊಲೆಗಾರನಿಗೆ ಮಾತ್ರ ಹೆಸರು, ಬಾಲ್ಯ, ಒಂದು ಹಾಡು, ನಿಧಾನವಾಗಿ ನಡೆದು ಬರುವ ನಾಲ್ಕು ಶಾಟು. ಕೊನೆಗೆ ಅಂವ ಧಾರವಾಡದ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದ ಹುಚ್ಚ ಅಂತ ಗೊತ್ತಾಗುತ್ತದೆ. ಇದಕ್ಕೆ ಮನೋವೈಜ್ಞಾನಿಕ ಹಾರರ್ ಅಂತ ಹೆಸರಿಟ್ಟಿದ್ದೀರಿ. ಮನಸ್ಸು ಎಲ್ಲೂ ಕಾಣಲಿಲ್ಲ, ತಮಾ. ಮಚ್ಚು ಕಂಡಿತು.

ಮುಖವನ್ನು ಯಾವಾಗ ತೋರಿಸಬೇಕು ಅನ್ನುವುದನ್ನು ಕಲಿಯಲು ನೀವು ಪರದೇಶದ ಸಿನಿಮಾ ನೋಡಬೇಕಾಗಿಲ್ಲ. ನಮ್ಮ ಯಕ್ಷಗಾನದಲ್ಲಿ ರಾಕ್ಷಸ ಹೇಗೆ ಬರುತ್ತಾನೆ ನೆನಪು ಮಾಡಿಕೊಳ್ಳಿ. ಇಬ್ಬರು ಒಂದು ತುಂಡು ತೆರೆ ಹಿಡಿದು ನಿಂತಿರುತ್ತಾರೆ. ಅದರ ಹಿಂದೆ ಬಣ್ಣದ ವೇಷ. ಮೊದಲು ಕಿರೀಟದ ತುದಿ ಅಲ್ಲಾಡುತ್ತದೆ. ಒಂದು ಅಬ್ಬರ. ಆಮೇಲೆ ತೆರೆಯ ಅಂಚಿನ ಮೇಲೆ ಕೈಬೆರಳು. ಚಂಡೆ ಏರುತ್ತದೆ, ತೆರೆ ಒಂದು ಗೇಣು ಇಳಿಯುತ್ತದೆ, ಮತ್ತೆ ಮೇಲೆ ಹೋಗುತ್ತದೆ. ಪೂರ್ತಿ ಮುಖ ಕಾಣುವ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಜ್ಜಿಯ ಸೆರಗಿನೊಳಗೆ ಹೋಗಿಯಾಗಿರುತ್ತದೆ. ಖರ್ಚೆಷ್ಟು? ಒಂದು ತುಂಡು ಬಟ್ಟೆ. ನೀವು ಮೂರನೇ ಶಾಟಿನಲ್ಲೇ ಮುಖವಾಡ, ಮಚ್ಚು, ರಕ್ತ ಎಲ್ಲ ಸುರಿದುಬಿಟ್ಟಿದ್ದೀರಿ.

ದುಡ್ಡು ಕಡಿಮೆ ಅಂತ ಬೇಜಾರು ಮಾಡಿಕೊಂಡಿರಲ್ಲ, ಅದಕ್ಕೆ ಒಂದು ಮಾತು. ನಮ್ಮ ಪಕ್ಕದ ಹೊನ್ನಾವರದ ಶಂಕರ್ ನಾಗ್ ನಟಿಸಿದ 'ತರ್ಕ' ನೋಡಿದ್ದೀರಾ? 1989ರದ್ದು, ಸುನೀಲ್ ಕುಮಾರ್ ದೇಸಾಯಿಯವರ ಮೊದಲ ಸಿನಿಮಾ. ಹಾಡಿಲ್ಲದೆ ಕನ್ನಡ ಸಿನಿಮಾ ಓಡುವುದೇ ಇಲ್ಲ ಅನ್ನುತ್ತಿದ್ದ ಕಾಲದಲ್ಲಿ ಒಂದೂ ಹಾಡಿಲ್ಲದೆ ಮಾಡಿದ ಕೊಲೆಯ ಕಥೆ. ಬಹುಪಾಲು ಕಥೆ ಒಂದು ಮನೆಯ ಸುತ್ತಲೇ ಸುತ್ತುತ್ತದೆ. ತಮಿಳಿನವರು ಅದನ್ನೇ 'ಪುರಿಯಾದ ಪುದಿರ್' ಅಂತ ಮತ್ತೆ ಮಾಡಿದರು, ಕೆ.ಎಸ್. ರವಿಕುಮಾರ್ ನಿರ್ದೇಶಕರಾಗಿದ್ದು ಆ ಸಿನಿಮಾದಿಂದ.  'ತರ್ಕ'ಕ್ಕೂ ಹಿಂದೆ, 1978ರಲ್ಲಿ, ಕಾಶೀನಾಥ್ 'ಅಪರಿಚಿತ' ಅನ್ನುವ ಸಸ್ಪೆನ್ಸ್ ಸಿನಿಮಾ ಮಾಡಿದ್ದರು. 2013ರಲ್ಲಿ ಪವನ್ ಕುಮಾರ್ 'ಲೂಸಿಯಾ'ಕ್ಕೆ ನೋಡುಗರಿಂದಲೇ ಐವತ್ತು ಲಕ್ಷದಷ್ಟು ಸಂಗ್ರಹಿಸಿದರು. ನಿಮಗೆ ಅಷ್ಟೆಲ್ಲ ಯಾರೂ ಕೊಡುವುದಿಲ್ಲ, ಬೇಕಾಗಿಯೂ ಇಲ್ಲ. ನಿಮ್ಮ ಹತ್ತಿರ ಒಂದು ಮನೆ ಇದೆ. ಒಂದು ಮನೆಯಲ್ಲಿ ನಡೆಯುವ ಕಥೆ ಬರೆಯಿರಿ.

ಆ ಮನೆಗೆ ಏನು ಬರುತ್ತದೆ, ಏನು ಬರುವುದಿಲ್ಲ, ಸ್ವಲ್ಪ ಹೇಳಿಬಿಡುತ್ತೇನೆ. ಮಳೆಗೆ ಟ್ಯಾಂಕರ್ ತರಿಸುವುದು ಅಂತ ನಿಮ್ಮ ಖರ್ಚಿನ ಪಟ್ಟಿಯಲ್ಲಿದೆ. ಅಂಕೋಲೆಯಲ್ಲಿ, ಮಳೆಗೆ, ಟ್ಯಾಂಕರ್! ಮೇ ತಿಂಗಳಲ್ಲಿ ಮುಗಿಸುವ ಹಟ ಬಿಟ್ಟು ಜೂನ್ ತನಕ ಕಾಯಿರಿ, ಆಕಾಶವೇ ಪುಕ್ಕಟೆ ಕೊಡುತ್ತದೆ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಿಮ್ಮಲ್ಲಿ ಬೋಟಿಗೆ ಹೋಗುವ ಇಬ್ಬರು ಆಗ ಬಿಡುವಾಗಿರುತ್ತಾರೆ. ಮೇ ತಿಂಗಳನ್ನು ಕರಿ ಈಶಾಡು ಮಾವು ತಿನ್ನಲು ಇಟ್ಟುಕೊಳ್ಳಿ. ಆದರೆ ಒಂದು ಎಚ್ಚರ. ಹಂಚಿನ ಮನೆಯಲ್ಲಿ ಆಷಾಢದ ಮಳೆ ಬಿದ್ದರೆ ಪಕ್ಕದಲ್ಲಿ ಕೂತವನ ಮಾತೂ ಕೇಳುವುದಿಲ್ಲ, ನಿಮ್ಮ ಫೋನಿಗೆ ಕೇಳುತ್ತದೆಯೇ? ಮಳೆಯ ದೃಶ್ಯದಲ್ಲಿ ಮಾತೇ ಇಡಬೇಡಿ. ಇಟ್ಟರೆ ಆಮೇಲೆ ಕಂಬಳಿಯೊಳಗೆ ಕೂತು ಬೇರೆ ಧ್ವನಿ ತೆಗೆದು ಸೇರಿಸಿ. ಪ್ರತಿ ಕೋಣೆಯಲ್ಲೂ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಬರೀ ಮೌನ ರೆಕಾರ್ಡು ಮಾಡಿಕೊಳ್ಳಿ. ನಮ್ಮ ಹಳೆಮನೆಯ ಮೌನದಲ್ಲಿ ಗೆದ್ದಲಿನ ಸದ್ದೂ ಇದೆ, ದೂರದ ಕೊಂಕಣ ರೈಲೂ ಇದೆ. ಜೋಡಿಸುವಾಗ ಬೇಕಾಗುತ್ತದೆ.

ಲೈಟಿನ ಮಾತು ನನ್ನದೇ ಕಸುಬು. ಎಂಟು ಲೈಟು ಬಾಡಿಗೆಗೆ ತರುತ್ತೇವೆ ಅಂದಿರಿ. ಒಂದು ಸಾಕು. ಅಡುಗೆಮನೆಯಲ್ಲಿ ಒಂದು ಎಲ್‌ಇಡಿ ಬಲ್ಬು ಹಚ್ಚಿ, ನಡುಮನೆಯನ್ನು ಕತ್ತಲೆ ಬಿಟ್ಟು, ಜಗಲಿಯಿಂದ ಕ್ಯಾಮೆರಾ ಇಟ್ಟು ನೋಡಿ. ನಮ್ಮ ಕರೆಂಟು 50 ಹರ್ಟ್ಸಿನದು. ಫೋನಿನಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರು 1/50 ಇಟ್ಟುಕೊಳ್ಳದಿದ್ದರೆ ಕೆಲವು ಬಲ್ಬಿನ ಬೆಳಕು ಪಟಪಟ ಹೊಡೆದುಕೊಳ್ಳುತ್ತದೆ. ಆಮೇಲೆ ದೆವ್ವ ಅಂತ ಹೇಳಬೇಡಿ. ರಕ್ತಕ್ಕೆ ಬಣ್ಣದ ಡಬ್ಬ ಕೊಳ್ಳುವುದೂ ದಂಡ. ಹಿಚ್‌ಕಾಕ್ 1960ರಲ್ಲಿ 'ಸೈಕೊ' ಮಾಡಿದಾಗ ದೊಡ್ಡ ತಂಡ ಬಿಟ್ಟು ತನ್ನ ಟೀವಿ ಕಾರ್ಯಕ್ರಮದ ಹುಡುಗರನ್ನೇ ಕಟ್ಟಿಕೊಂಡು ಕಪ್ಪು-ಬಿಳುಪಿನಲ್ಲಿ ಅಗ್ಗವಾಗಿ ಮುಗಿಸಿದ. ಆ ಬಚ್ಚಲುಮನೆಯ ರಕ್ತ ಚಾಕಲೇಟಿನ ಪಾಕ. ಚಾಕು ಇಳಿಯುವ ಸದ್ದು ಕರಬೂಜದಂಥ ಹಣ್ಣಿಗೆ ಚುಚ್ಚಿ ತೆಗೆದದ್ದು. ನಮಗೆ ಜೋನಿಬೆಲ್ಲ ಇದೆ, ಹಿತ್ತಲಲ್ಲಿ ಮೊಗೆಕಾಯಿ ಇದೆ. ಕಪ್ಪು-ಬಿಳುಪಿನಲ್ಲಿ ತೆಗೆದರೆ ಜೋನಿಬೆಲ್ಲಕ್ಕಿಂತ ಒಳ್ಳೆಯ ರಕ್ತ ಸಿಗುವುದಿಲ್ಲ. ಇರುವೆ ಬರುತ್ತವೆ, ಸತ್ತ ಪಾತ್ರದವಳು ಅಲ್ಲಾಡಬಾರದು, ಅಷ್ಟೇ ಕಷ್ಟ.

ಹಾಡು ಬೇಡ. ಒಂದು ಸದ್ದು ಹುಡುಕಿ. 1931ರಷ್ಟು ಹಿಂದೆ ಜರ್ಮನಿಯ ಫ್ರಿಟ್ಜ್ ಲ್ಯಾಂಗ್ ಮಾಡಿದ 'ಎಂ' ಸಿನಿಮಾದಲ್ಲಿ ಮಕ್ಕಳನ್ನು ಕೊಲ್ಲುವವ ಬರುವ ಮೊದಲು ಅವನ ಸಿಳ್ಳೆ ಬರುತ್ತದೆ. ಆ ನಟನಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲವಂತೆ, ನಿರ್ದೇಶಕನೇ ಹಾಕಿದ. ನಮ್ಮಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಮೀನಿನ ಗಾಡಿಯ ಹಾರ್ನು ಕೇಳಿದರೆ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಾರೆ, ಅವರಿಗಿಂತ ಮೊದಲು ಬೆಕ್ಕು. ಅದೇ ಹಾರ್ನು ನಡುರಾತ್ರಿ ಎರಡಕ್ಕೆ, ಮಳೆಯಲ್ಲಿ, ಒಂದೇ ಸಲ ಕೇಳಿದರೆ? ಬೆಕ್ಕು ಎದ್ದು ಬಾಗಿಲ ಕಡೆ ಹೋದರೆ? ನಾನು ಬರೆಯುವಾಗಲೇ ಮೈ ಜುಂ ಅಂತು. ತೆಗೆದುಕೊಳ್ಳಿ, ಪುಕ್ಕಟೆ. ಆದರೆ ಮೀನು ಮಾರುವವನನ್ನೇ ಕೊಲೆಗಾರ ಮಾಡಬೇಡಿ.

ಯಾಕೆ ಅಂದರೆ, ನಮ್ಮ ಮನಸ್ಸಿನಲ್ಲಿ ಕೊಲೆಗಾರರ ಒಂದು ಪಟ್ಟಿ ಮೊದಲೇ ತಯಾರಿರುತ್ತದೆ. ಘಟ್ಟದ ಮೇಲಿಂದ ಬಂದವ, ಹಿಂದಿ ಮಾತಾಡುವ ಕೂಲಿಯವ, ಬಸ್‌ಸ್ಟ್ಯಾಂಡಿನಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವವ. ನಿಮ್ಮದು ಆ ಮೂರನೆಯವ. ಧಾರವಾಡ ಅನ್ನುವ ಹೆಸರನ್ನೇ ನಾವು ಬೈಗುಳ ಮಾಡಿಟ್ಟಿದ್ದೇವೆ. "ಇಂವನ್ನ ಧಾರವಾಡಕ್ಕೆ ಕಳಿಸಬೇಕು" ಅಂತ ನಗುತ್ತೇವೆ. ಅಲ್ಲಿರುವುದು ಡಿಮ್ಹಾನ್ಸ್, ಕಾಯಿಲೆಯವರು ಗುಣವಾಗಲು ಹೋಗುವ ಆಸ್ಪತ್ರೆ. ನನ್ನ ತಂಗಿಯನ್ನು ಅಲ್ಲಿಗೆ ಎರಡು ವರ್ಷ ಕರೆದುಕೊಂಡು ಓಡಾಡಿದವ ನಾನು. ಹುಬ್ಬಳ್ಳಿ ಬಸ್ಸಿನಲ್ಲಿ ಪರಿಚಯದವರು ಸಿಕ್ಕಿದರೆ ಮದುವೆಗೆ ಹೊರಟಿದ್ದೇವೆ ಅಂತ ಸುಳ್ಳು ಹೇಳುತ್ತಿದ್ದೆ. ಅವಳು ಯಾರಿಗೂ ಒಂದು ಪೆಟ್ಟು ಹಾಕಿದವಳಲ್ಲ, ತಿಂದದ್ದೇ ಜಾಸ್ತಿ. ಮಾನಸಿಕ ಕಾಯಿಲೆಯ ಬಹುಪಾಲು ಜನರ ಕಥೆ ಇದೇ. ಕಾಯಿಲೆಯಿದ್ದೂ ಕೊಂದವರು ಇಲ್ಲವೆಂದಲ್ಲ. ಮುಂಬಯಿಯಲ್ಲಿ 1968ರಲ್ಲಿ ಸಿಕ್ಕಿಬಿದ್ದ ರಾಮನ್ ರಾಘವನಿಗೆ ಕಾಯಿಲೆ ಇದೆ ಅಂತ ವೈದ್ಯರು ಹೇಳಿದ ಮೇಲೆ ಹೈಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವನ ಮೇಲೆ ಶ್ರೀರಾಮ್ ರಾಘವನ್ 1991ರಲ್ಲಿ ಮಾಡಿದ ಸಣ್ಣ ಖರ್ಚಿನ ಚಿತ್ರದಲ್ಲಿ ರಘುವೀರ್ ಯಾದವ್ ಇದ್ದಾರೆ. ಹುಡುಕಿ ನೋಡಿ. ಅಲ್ಲಿ ಕಾಯಿಲೆಯನ್ನು ಕೊನೆಯಲ್ಲಿ ಬೆಚ್ಚಿಬೀಳಿಸಲು ಬಚ್ಚಿಟ್ಟುಕೊಂಡಿಲ್ಲ.

ನಮಗೆ ಹತ್ತಿರದ ಕೊಲೆಗಾರ ಬೇಕಿದ್ದರೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕರಾವಳಿಯ ಕೆಳಗಿನ ತುದಿಯಲ್ಲೇ ಒಬ್ಬನಿದ್ದ. ಸಯನೈಡ್ ಮೋಹನ್. ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವ. ಇಪ್ಪತ್ತು ಹೆಣ್ಣುಮಕ್ಕಳು, 2003ರಿಂದ 2009ರ ನಡುವೆ. ಹೆಚ್ಚಿನವರು ಬಡವರ ಮನೆಯವರು, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದವರು. ಇಂವ ಮದುವೆಯಾಗುತ್ತೇನೆ ಅನ್ನುವನು, ಊರು ಬಿಟ್ಟು ಲಾಡ್ಜಿಗೆ ಕರೆದೊಯ್ಯುವನು, ಬೆಳಿಗ್ಗೆ ಎದ್ದು ಒಡವೆಯನ್ನು ಕೋಣೆಯಲ್ಲೇ ಬಿಟ್ಟು ಬಾ ಅಂತ ಬಸ್‌ಸ್ಟ್ಯಾಂಡಿಗೆ ಕರೆತಂದು ಒಂದು ಗುಳಿಗೆ ಕೊಡುವನು. ಗರ್ಭ ನಿಲ್ಲದಂತೆ ತಡೆಯುವ ಗುಳಿಗೆ, ಶೌಚಾಲಯಕ್ಕೆ ಹೋಗಿ ನುಂಗು ಅನ್ನುವನು. ಅವಳು ಒಳಗೆ ಹೋಗಿ ತಾನೇ ಚಿಲಕ ಹಾಕಿಕೊಳ್ಳುವಳು. ಇಂವ ಲಾಡ್ಜಿಗೆ ವಾಪಸು ಹೋಗಿ ಒಡವೆ ತೆಗೆದುಕೊಂಡು ಬಸ್ಸು ಹತ್ತುವನು. ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು, ಬೇರೆ ಬೇರೆ ಬಸ್‌ಸ್ಟ್ಯಾಂಡು. ಒಳಗಿಂದ ಚಿಲಕ ಹಾಕಿದ ಬಾಗಿಲು, ಗುರುತು ಸಿಗದ ಹೆಣ್ಣಿನ ಹೆಣ. ಪೊಲೀಸರು ಅಸಹಜ ಸಾವು ಅಂತ ಬರೆದುಕೊಂಡರು, ಕಡತ ಮುಚ್ಚಿತು.

ಈ ಕಥೆಯಲ್ಲಿ ಮಚ್ಚಿಲ್ಲ, ರಕ್ತವಿಲ್ಲ, ಯಾರೂ ಕಿರುಚುವುದಿಲ್ಲ, ಎಲ್ಲ ಹಗಲಿನಲ್ಲೇ ಆಗುತ್ತದೆ. ಬಂಟ್ವಾಳದ ಕಡೆಯ ಒಬ್ಬ ಹುಡುಗಿ ಕಾಣೆಯಾದಾಗ ಅವಳು ಬೇರೆ ಧರ್ಮದ ಹುಡುಗನ ಜೊತೆ ಓಡಿಹೋಗಿದ್ದಾಳೆ ಅಂತ ಊರಿನಲ್ಲಿ ಗಲಾಟೆಯೇ ಆಯಿತು. ನಾನು ಹೇಳಿದ ಆ ಪಟ್ಟಿ ಅಲ್ಲೂ ತಯಾರಿತ್ತು. ಫೋನ್ ಕರೆಗಳ ಜಾಡು ಹಿಡಿದು ಹೋದ ಪೊಲೀಸರಿಗೆ 2009ರ ಅಕ್ಟೋಬರಿನಲ್ಲಿ ಸಿಕ್ಕಿದವನು ಈ ಮಾಸ್ತರ. ಹುಚ್ಚನೇ? ನ್ಯಾಯಾಲಯದಲ್ಲಿ ಅಂವ ವಕೀಲರನ್ನು ಬಿಟ್ಟು ತಾನೇ ವಾದ ಮಾಡಿದ. 2013ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗಲ್ಲು ಶಿಕ್ಷೆಯಾಯಿತು, 2017ರಲ್ಲಿ ಒಂದು ಪ್ರಕರಣದಲ್ಲಿ ಹೈಕೋರ್ಟು ಅದನ್ನು ಜೀವಾವಧಿ ಮಾಡಿತು, ಇಪ್ಪತ್ತನೇ ಪ್ರಕರಣದ ತೀರ್ಪು ಬರುವ ಹೊತ್ತಿಗೆ 2020 ಆಗಿತ್ತು.

ಇದನ್ನೇ ಸಿನಿಮಾ ಮಾಡಿ ಅಂತ ಹೇಳುತ್ತಿಲ್ಲ. ಆ ಮನೆಗಳಲ್ಲಿ ತಾಯಂದಿರು ಇನ್ನೂ ಇದ್ದಾರೆ. ನನ್ನನ್ನು ನಿದ್ದೆಗೆಡಿಸಿದ್ದು ಇನ್ನೊಂದು. ಇಪ್ಪತ್ತು ಮನೆಗಳಲ್ಲಿ ಹೆಣ್ಣುಮಗಳು ಬಾರದೆ ಹೋದಾಗ ಎಷ್ಟೋ ಕಡೆ ಜನ ಓಡಿಹೋದಳು ಅಂದುಕೊಂಡು ಸುಮ್ಮನಾದರು. ಮರ್ಯಾದೆಗೆ ಹೆದರಿ ಬಾಯಿ ಮುಚ್ಚಿಕೊಂಡ ಮನೆಯ ಒಳಗೆ ಹನ್ನೆರಡು ನಿಮಿಷ ಕ್ಯಾಮೆರಾ ಇಟ್ಟು ನೋಡಿ. ಊಟಕ್ಕೆ ಒಂದು ತಟ್ಟೆ ಹೆಚ್ಚು ಬರುತ್ತದೆ, ತಾಯಿ ಅದನ್ನು ವಾಪಸು ಇಡುತ್ತಾಳೆ. ಫೋನು ರಿಂಗಾಗುತ್ತದೆ, ಅಪ್ಪ ಎತ್ತುವುದಿಲ್ಲ. ಕೊಲೆಗಾರ ಎಲ್ಲಿ ಅಂತೀರಾ? ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿರಲಿ, ಮನೆಯವರಿಗೆ ಸಮಾಧಾನ ಹೇಳುತ್ತಿರಲಿ. ಅವನ ಚಪ್ಪಲಿ ಮಾತ್ರ ತೋರಿಸಿ. ನಿಮ್ಮ "ಹುಡುಗಿ 1, ಹುಡುಗಿ 2"ರಲ್ಲಿ ಒಬ್ಬಳನ್ನು ತೆಗೆದುಹಾಕಿ, ಉಳಿದವಳಿಗೆ ಒಂದು ಹೆಸರಿಡಿ, ಅವಳಿಗೆ ಇಷ್ಟವಾದ ಪಲ್ಯ ಯಾವುದು ಅಂತ ನಿಮಗೆ ಗೊತ್ತಿರಲಿ. ನಿಮ್ಮ ಗುಂಪಿನ ಇಬ್ಬರು ಹುಡುಗಿಯರಿಗೆ ಮೇಕಪ್ಪಿನ ಕೆಲಸ ಮಾತ್ರ ಕೊಟ್ಟಿದ್ದೀರಿ; ಕಥೆಯನ್ನು ಅವರ ಕೈಗೆ ಕೊಟ್ಟು ನೋಡಿ.

ಇನ್ನೊಂದು ದೃಶ್ಯ ಕಿತ್ತುಹಾಕಲೇಬೇಕು. ಕೊಲೆಗಾರ ಗೋಣಿಚೀಲದಲ್ಲಿ ಹೆಣ ತುಂಬಿ ಗಂಗಾವಳಿ ಹೊಳೆಗೆ ಎಸೆಯುವುದು, ಮೇಲಿಂದ ಡ್ರೋನ್ ಶಾಟು. 2024ರ ಜುಲೈ 16ರಂದು ಅದೇ ಹೊಳೆಯ ದಡದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನೀವು ಕಾಲೇಜಿನಲ್ಲಿದ್ದಿರಬೇಕು. ಹೆದ್ದಾರಿಯ ಪಕ್ಕ ಚಾ ಮಾರುತ್ತಿದ್ದ ಮನೆಯವರು ಹೋದರು, ಲಾರಿಗಳು ಹೊಳೆಗೆ ಬಿದ್ದವು. ಕೇರಳದ ಒಬ್ಬ ಚಾಲಕನ ಲಾರಿಯನ್ನು ಹೊಳೆಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ, 71 ದಿನ ಕಳೆದ ಮೇಲೆ. ಅಷ್ಟೂ ದಿನ ಜನ ಆ ದಡದಲ್ಲಿ ನಿಂತು ಒಂದು ದೇಹ ಸಿಗಲಿ ಅಂತ ಕಾದದ್ದನ್ನು ನಾನು ನೋಡಿದ್ದೇನೆ. ಆ ಹೊಳೆಗೆ ಸುಳ್ಳು ಹೆಣ ಎಸೆದು ಚಂದದ ಶಾಟು ತೆಗೆಯುವುದಾದರೆ ಮನೆಯ ಕೀಲಿ ಕೇಳಲು ಬರಬೇಡಿ. ಡ್ರೋನಿನ ಆಸೆಯನ್ನೂ ಬಿಡಿ. ನೌಕಾನೆಲೆ ಇರುವ ಜಿಲ್ಲೆ ಇದು; ಪರವಾನಗಿ ಇಲ್ಲದೆ ಹಾರಿಸಿದರೆ ಮನೋವೈಜ್ಞಾನಿಕ ಹಾರರ್ ಠಾಣೆಯಲ್ಲಿ ಶುರುವಾಗುತ್ತದೆ.

ಠಾಣೆಯ ಮಾತು ಬಂತು. ಚಿತ್ರೀಕರಣದ ದಿನ, ಹೊತ್ತು, ಜಾಗ ಬರೆದು ಅಂಕೋಲೆ ಠಾಣೆಗೆ ಮೊದಲೇ ಕೊಟ್ಟಿರಿ, ಅಕ್ಕಪಕ್ಕದ ಮನೆಗಳಿಗೂ ಹೇಳಿರಿ. ಮುಖ ಮುಚ್ಚಿಕೊಂಡು ರಾತ್ರಿ ರಸ್ತೆಯಲ್ಲಿ ಮಚ್ಚು ಹಿಡಿದು ಓಡುವುದು ತಮಾಷೆಯಲ್ಲ. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ಒಂದು ವಾಟ್ಸಾಪ್ ಸುದ್ದಿ ನಂಬಿ ಜನ ಕಾರಿನಲ್ಲಿ ಬಂದ ಹೈದರಾಬಾದಿನ ಒಬ್ಬನನ್ನು ಹೊಡೆದು ಕೊಂದರು. ಕಾರಿನಲ್ಲಿದ್ದವರು ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರಂತೆ, ಅಷ್ಟೇ. ನಿಮ್ಮ ಮಚ್ಚು ರಟ್ಟಿನದು ಅಂತ ಕತ್ತಲೆಯಲ್ಲಿ ಯಾರಿಗೆ ಗೊತ್ತಾಗುತ್ತದೆ? ಊರವರಿಗೆ ಹೇಳದೆ ಅವರು ಹೆದರುವುದನ್ನು ಕದ್ದು ತೆಗೆಯುವ ಯೋಚನೆ ಪುಟ ಒಂಬತ್ತರಲ್ಲಿದೆ. ಆ ಪುಟವನ್ನು ನಾನು ಹರಿದು ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಹೇಳಿದ್ದಕ್ಕೆ ಮನೆ ಕೊಡುವುದಿಲ್ಲ ಅಂದುಕೊಳ್ಳಬೇಡಿ. ಕೊಡುತ್ತೇನೆ. ಬಾಡಿಗೆ ಬೇಡ, ಎರಡು ರಾತ್ರಿಯ ಕರೆಂಟು ಬಿಲ್ಲು ನಿಮ್ಮದು. ದೇವರ ಕೋಣೆಗೆ ಕ್ಯಾಮೆರಾ ಹೋಗಬಾರದು. ಅಟ್ಟದ ಮೇಲೆ ಇಬ್ಬರಿಗಿಂತ ಹೆಚ್ಚು ಹತ್ತಬೇಡಿ, ಹಲಗೆ ಹಳೆಯದು. ಮಳೆಗಾಲದಲ್ಲಿ ಹಿತ್ತಲಲ್ಲಿ ಹಾವು ಇರುತ್ತವೆ, ಟಾರ್ಚ್ ಇಲ್ಲದೆ ಇಳಿಯಬೇಡಿ. ಕೊಲೆಗಾರನ ಪಾತ್ರ ನೀವೇ ಮಾಡಬೇಕು ಅಂತ ಕೇಳಿದಿರಲ್ಲ, ಚಪ್ಪಲಿ ಮಾತ್ರ ಕಾಣುವುದಾದರೆ ನಾನು ತಯಾರು. ನನ್ನ ಚಪ್ಪಲಿ ಹಳೆಯದಿದೆ, ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಕೀಲಿಕೈ ಪಕ್ಕದ ಮನೆಯಲ್ಲಿ ಇಟ್ಟಿದ್ದೇನೆ. ನಿಮ್ಮ ಹುಡುಗಿಯರಲ್ಲಿ ಯಾರಾದರೂ ಒಳಗೆ ಬಟ್ಟೆ ಬದಲಿಸುವುದಿದ್ದರೆ ಒಬ್ಬರು ಹೊರಗೆ ಕಾವಲು ನಿಲ್ಲಿ. ಬಚ್ಚಲಿನ ಬಾಗಿಲ ಚಿಲಕ ಸಡಿಲವಾಗಿದೆ, ಒಳಗಿಂದ ಹಾಕಿದ್ದನ್ನು ಹೊರಗಿಂದಲೂ ತೆಗೆಯಬಹುದು.